ಗಣಕಯಂತ್ರದೊಳಗೆ ಹರಿದ ದ್ರವ

ದ್ರವದೊಳಗೆ ಪರಮಾಣುಗಳು ಹೇಗೆ ಓಡಾಡುತ್ತವೆ? ಕಣ್ಣಿಗೆ ಕಾಣದ ಈ ಓಡಾಟವನ್ನು ಲೆಕ್ಕದಲ್ಲಿ ಹಿಡಿದವರು 1927ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್. ಷಿಕಾಗೊ ಬಳಿಯ ಆರ್ಗೋನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿದ್ದ ಅವರು 1964ರಲ್ಲಿ ದ್ರವರೂಪದ ಆರ್ಗಾನ್ ಅನಿಲದ 864 ಪರಮಾಣುಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿದರು. ಪ್ರತಿಯೊಂದರ ಮೇಲೂ ಉಳಿದವುಗಳ ಸೆಳೆತ, ತಳ್ಳಾಟಗಳೆಷ್ಟೆಂದು ಎಣಿಸಿ, ನ್ಯೂಟನ್ನನ ನಿಯಮದಂತೆ ಅದರ ಮುಂದಿನ ಸ್ಥಾನವನ್ನು ಕಂಡುಕೊಳ್ಳುವುದೇ ವಿಧಾನ.

1971ರಲ್ಲಿ ಸ್ಟಿಲಿಂಜರ್ ಜತೆಗೂಡಿ ನೀರಿನ 216 ಅಣುಗಳನ್ನೂ ಹೀಗೆಯೇ ಪರಿಶೀಲಿಸಿದರು. ನೀರಿನಿಂದ ಜೀವದತ್ತ ಹೆಜ್ಜೆ ದೂರವಿರಲಿಲ್ಲ. 1977ರಲ್ಲಿ ಮೆಕ್‌ಕ್ಯಾಮನ್, ಜೆಲಿನ್ ಮತ್ತು ಕಾರ್ಪ್ಲಸ್ ಇದೇ ದಾರಿ ಹಿಡಿದು ಪ್ರೋಟೀನೊಂದರ ಚಲನೆಯನ್ನು ಲೆಕ್ಕ ಹಾಕಿದರು. ಪ್ರೋಟೀನು ಗಟ್ಟಿ ಬೊಂಬೆಯಲ್ಲ, ಸದಾ ಮಿಸುಕಾಡುವಂಥದು ಎಂಬುದು ಸ್ಪಷ್ಟವಾಯಿತು.

ಕಾರ್ಪ್ಲಸ್ 2013ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಹಂಚಿಕೊಂಡರು. ರಹಮಾನ್ 1987ರಲ್ಲೇ ತೀರಿಕೊಂಡಿದ್ದರು. ಇಂದಿನ ಔಷಧ ಶೋಧದಲ್ಲೂ ಬಳಕೆಯಾಗುವುದು ಆ 864 ಪರಮಾಣುಗಳ ಲೆಕ್ಕ ತೋರಿದ ಹಾದಿಯೇ.