ಸಂಪ್, ರೆಫ್ಯೂಜಿಯಂ ಕಟ್ಟಿಬಿಟ್ಟರೆ ಉಪ್ಪುನೀರಿನ ಅಕ್ವೇರಿಯಂಗೆ ನೀರೇ ಬದಲಿಸಬೇಕಿಲ್ಲವೇ?

ಕಿತ್ತಳೆ ಮೈಗೆ ಬಿಳಿ ಪಟ್ಟೆಯ ‘ನೀಮೋ’ ಮೀನು, ನೀಲಿ ಬೆಳಕು, ಕೆಳಗಿನ ಕಪಾಟಿನಲ್ಲಿ ಹಸಿರು ಪಾಚಿ ತುಂಬಿದ ಇನ್ನೊಂದು ಗಾಜಿನ ಪೆಟ್ಟಿಗೆ. ಇಂಥ ವಿಡಿಯೊ ಫಾರ್ವರ್ಡ್ ಆಗಿ ಬರುವಾಗ ಮೂರು ಮಾತು ಅಂಟಿಕೊಂಡೇ ಬರುತ್ತವೆ. ಅಡುಗೆ ಉಪ್ಪು ಕರಗಿಸಿದರೆ ಸಮುದ್ರದ ನೀರು ತಯಾರು. ಕೆಳಗಿನ ಪೆಟ್ಟಿಗೆಯನ್ನು ಮನೆಯಲ್ಲೇ ಕಟ್ಟಿಕೊಳ್ಳಬಹುದು. ಅದೊಂದಿದ್ದರೆ ಮತ್ತೆ ನೀರು ಬದಲಿಸುವ ಗೋಜೇ ಇಲ್ಲ.

ಮೊದಲನೆಯದು ಸುಳ್ಳು. ಎರಡನೆಯದು ನಿಜ. ಮೂರನೆಯದು ಅರ್ಧ ನಿಜ, ಮೀನಿಗೆ ಅದೇ ಹೆಚ್ಚು ಅಪಾಯ.

ಇದನ್ನು ಪರಶುರಾಂಪುರವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ. ಚಳ್ಳಕೆರೆ ತಾಲ್ಲೂಕಿನ ಈ ಊರಿನಿಂದ ಅರಬ್ಬಿ ಸಮುದ್ರ ಇನ್ನೂರು ಕಿಲೋಮೀಟರಿಗೂ ದೂರ. ಪಕ್ಕದಲ್ಲಿ ವೇದಾವತಿ ಇದ್ದರೂ ಮನೆಗಳಿಗೆ ಬೋರ್‌ವೆಲ್ ನೀರೇ ದಿಕ್ಕು. ಬೇಸಿಗೆ ಬಿರುಸು, ಮಳೆ ಕಮ್ಮಿ, ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಇಲ್ಲಿ ನಡೆಯುವ ಉಪ್ಪುನೀರಿನ ತೊಟ್ಟಿ ರಾಜ್ಯದ ಬೇರೆಲ್ಲಿ ಇಟ್ಟರೂ ನಡೆದೀತು.

ಸಂಪ್ ಎಂದರೆ ನಮಗೆ ಗೊತ್ತಿರುವುದೇ

ನಮ್ಮ ಕಡೆ ಸಂಪ್ ಎಂದರೆ ಅಂಗಳದ ನೆಲದಡಿಯ ನೀರಿನ ತೊಟ್ಟಿ. ಅಲ್ಲಿಂದ ಮೋಟರ್ ನೀರನ್ನು ಮೇಲಿನ ಟ್ಯಾಂಕಿಗೆ ಎತ್ತುತ್ತದೆ. ಅಕ್ವೇರಿಯಂ ಸಂಪ್ ಕೂಡ ಅದೇ, ಚಿಕ್ಕದು ಅಷ್ಟೇ. ಮೀನಿನ ತೊಟ್ಟಿ ಮೇಲೆ, ಸಂಪ್ ಕೆಳಗೆ ಕಪಾಟಿನಲ್ಲಿ. ಮೇಲಿನ ತೊಟ್ಟಿಯಲ್ಲಿ ತುಂಬಿ ಹರಿದ ನೀರು ಪೈಪಿನಲ್ಲಿ ಇಳಿಯುತ್ತದೆ, ಪಂಪ್ ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಒಂದೇ ನೀರು ಹಗಲೂ ರಾತ್ರಿ ಸುತ್ತುತ್ತಿರುತ್ತದೆ.

ಇದರ ಲಾಭ ಮೂರು. ಒಟ್ಟು ನೀರು ಹೆಚ್ಚುತ್ತದೆ, ಹಾಗಾಗಿ ಸಣ್ಣ ಎಡವಟ್ಟುಗಳನ್ನು ತೊಟ್ಟಿ ತಡೆದುಕೊಳ್ಳುತ್ತದೆ. ಹೀಟರ್, ಫಿಲ್ಟರ್, ಸ್ಕಿಮ್ಮರ್ ಎಲ್ಲವೂ ಕಣ್ಣಿಗೆ ಕಾಣದಂತೆ ಕೆಳಗೆ ಕೂರುತ್ತವೆ. ಮೇಲ್ಪದರದ ಜಿಡ್ಡು ಮೊದಲು ಹರಿದು ಹೋಗುವುದರಿಂದ ನೀರಿಗೆ ಆಮ್ಲಜನಕ ಚೆನ್ನಾಗಿ ಸೇರುತ್ತದೆ.

ರೆಫ್ಯೂಜಿಯಂ ಎಂದರೆ ಆಶ್ರಯತಾಣ. ಸಂಪ್‌ನ ಒಂದು ಕೋಣೆಯಲ್ಲಿ ಮೀನು ಬಿಡದೆ ಕಡಲ ಪಾಚಿ ಬೆಳೆಸುತ್ತಾರೆ. ತಿನ್ನುವವರಿಲ್ಲದ ಕಾರಣ ಅಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಸೀಗಡಿ ಜಾತಿಯ ಹುಳುಗಳು ಹೆಚ್ಚುತ್ತವೆ, ಪಂಪಿನ ಮೂಲಕ ಮೇಲೆ ಹೋಗಿ ಮೀನಿಗೆ ಆಹಾರವಾಗುತ್ತವೆ. ಪಾಚಿಯಿಂದ ನೀರು ತಿಳಿಗೊಳಿಸುವ ವಿಚಾರ ಹೊಸದಲ್ಲ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ 1980ರ ದಶಕದಲ್ಲೇ ಪಾಚಿಯ ಹಾಸುಗಳಿಂದ ದೊಡ್ಡ ತೊಟ್ಟಿಗಳ ನೀರನ್ನು ಶುದ್ಧವಾಗಿಟ್ಟು ತೋರಿಸಿದ್ದರು.

ಪಾಚಿ ಕಸ ತಿನ್ನುತ್ತದೆ, ಆದರೆ ನುಂಗಿಹಾಕುವುದಿಲ್ಲ

ಮೀನಿನ ಮಲ ಮತ್ತು ತಿನ್ನದೆ ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಇದು ಮೀನಿಗೆ ವಿಷ. ಬ್ಯಾಕ್ಟೀರಿಯಾಗಳು ಇದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ‘ಇವತ್ತು ಕಟ್ಟಿ ನಾಳೆ ಮೀನು ಬಿಡಿ’ ಎನ್ನುವ ವಿಡಿಯೊ ಕಂಡರೆ ಅಲ್ಲಿಗೇ ನಿಲ್ಲಿಸಿ.

ಕೊನೆಗೆ ಉಳಿಯುವ ನೈಟ್ರೇಟ್ ಮತ್ತು ಫಾಸ್ಫೇಟ್ ಪಾಚಿಗೆ ಗೊಬ್ಬರ. ಹೊಲದ ಬೆಳೆ ಗೊಬ್ಬರ ಹೀರಿದಂತೆ ಪಾಚಿಯೂ ಹೀರುತ್ತದೆ. ಆದರೆ ಬೆಳೆ ಕೊಯ್ದು ಮನೆಗೆ ತಂದರಷ್ಟೇ ಗೊಬ್ಬರ ಹೊಲದಿಂದ ಹೊರಗೆ ಹೋದಂತೆ. ಕೊಯ್ಯದೆ ಬಿಟ್ಟರೆ ಪಾಚಿ ಅಲ್ಲೇ ಸತ್ತು ಕೊಳೆತು ಹೀರಿದ್ದೆಲ್ಲವನ್ನೂ ವಾಪಸ್ ಕೊಡುತ್ತದೆ. ಎರಡು ಮೂರು ವಾರಕ್ಕೊಮ್ಮೆ ಒಂದು ಹಿಡಿ ಕಿತ್ತು ತೆಗೆಯಬೇಕು.

ನೀರು ಬದಲಿಸುವ ಕೆಲಸ ಇದರಿಂದ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಕ್ಯಾಲ್ಸಿಯಂ, ಕಾರ್ಬೊನೇಟ್‌ನಂಥ ಖನಿಜಗಳು ದಿನವೂ ಖರ್ಚಾಗುತ್ತವೆ. ಪಾಚಿ ಅವನ್ನು ತುಂಬಿಕೊಡುವುದಿಲ್ಲ. ಹೊರಗಿನಿಂದ ಬಂದು ಸೇರುವ ಲೋಹದ ಅಂಶವನ್ನೂ ಅದು ಪೂರ್ತಿ ತೆಗೆಯಲಾರದು. ವಾರಕ್ಕೆ ಅಥವಾ ಎರಡು ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು ಬದಲಿಸುವುದು ರೂಢಿ.

ಯಾವ ಪಾಚಿ? ಉಕ್ಕಿನ ಜುಂಗಿನಂತೆ ಸಿಕ್ಕುಸಿಕ್ಕಾಗಿ ಬೆಳೆಯುವ ಕೀಟೊಮಾರ್ಫ ಒಳ್ಳೆಯದು. ಇದು ಬೇರೂರುವುದಿಲ್ಲ, ಕೈಯಿಂದ ಕಿತ್ತರೆ ಬರುತ್ತದೆ. ಕಾಲರ್ಪ ಜಾತಿಯ ಪಾಚಿ ಕೆಲವೊಮ್ಮೆ ರಾತ್ರೋರಾತ್ರಿ ಬೀಜಕಣ ಬಿಟ್ಟು ಕರಗಿ ನೀರನ್ನೇ ಕೆಡಿಸುತ್ತದೆ. ಅದರ ಒಂದು ಜಾತಿ 1984ರಲ್ಲಿ ಮೊನಾಕೊ ಬಳಿ ಮೆಡಿಟರೇನಿಯನ್ ಸಮುದ್ರದಲ್ಲಿ ಕಾಣಿಸಿಕೊಂಡು ಮುಂದೆ ಸಾವಿರಾರು ಹೆಕ್ಟೇರ್ ಆವರಿಸಿತು. ಅಕ್ವೇರಿಯಂಗಳಲ್ಲಿ ಸಾಕುತ್ತಿದ್ದ ತಳಿಯೇ ಅದು.

ಉಪ್ಪು ಯಾವುದು, ನೀರು ಯಾವುದು?

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಹೆಚ್ಚಿನ ಪಾಲು ನಾವು ತಿನ್ನುವ ಸೋಡಿಯಂ ಕ್ಲೋರೈಡೇ, ನಿಜ. ಆದರೆ ಸುಮಾರು 1.3 ಗ್ರಾಂ ಮೆಗ್ನೀಸಿಯಂ, 0.4 ಗ್ರಾಂ ಕ್ಯಾಲ್ಸಿಯಂ, ಅಷ್ಟೇ ಪೊಟ್ಯಾಸಿಯಂ, ಜೊತೆಗೆ ಸಲ್ಫೇಟ್, ಬೈಕಾರ್ಬೊನೇಟ್ ಕೂಡ ಇರುತ್ತವೆ. ಅಡುಗೆ ಉಪ್ಪಿನಲ್ಲಿ ಇವೆಲ್ಲ ಹೆಚ್ಚುಕಡಿಮೆ ಇಲ್ಲ, ಬದಲಿಗೆ ಗಂಟುಕಟ್ಟದಂತೆ ಬೆರೆಸಿದ ಪುಡಿ ಇರುತ್ತದೆ. ಅಂಗಡಿಯಲ್ಲಿ ‘ಮರೈನ್ ಸಾಲ್ಟ್’ ಎಂದು ಮಾರುವ ಮಿಶ್ರಣವೇ ಬೇಕು. 200 ಲೀಟರಿಗೆ ಸುಮಾರು 7 ಕಿಲೋ ಹಿಡಿಯುತ್ತದೆ. ಮೀನಿರುವ ತೊಟ್ಟಿಗೇ ಸುರಿಯಬಾರದು. ಹಿಂದಿನ ದಿನವೇ ಬಕೆಟ್‌ನಲ್ಲಿ ಕಲಸಿ, ಸಣ್ಣ ಪಂಪ್ ಹಾಕಿ ತಿರುಗಿಸಿಡಬೇಕು. ಬಕೆಟ್ ಹೊಸದಿರಲಿ. ಶೇಂಗಾ ಹೊಲಕ್ಕೆ ಔಷಧಿ ಕಲಸಿದ ಬಕೆಟ್ಟನ್ನು ಎಷ್ಟು ತೊಳೆದರೂ ಬೇಡ.

ಬೋರ್‌ವೆಲ್ ನೀರಿನ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಎಲ್ಲರಿಗೂ ಗೊತ್ತು. ಅದರಿಂದಲೇ ಮೀನು ಸಾಯುತ್ತದೆ ಎಂದು ಹೇಳುವವರಿದ್ದಾರೆ. ಆದರೆ ಸಮುದ್ರದ ನೀರಿನಲ್ಲೇ ಲೀಟರಿಗೆ ಸುಮಾರು 1.3 ಮಿಲಿಗ್ರಾಂ ಫ್ಲೋರೈಡ್ ಸಹಜವಾಗಿ ಇರುತ್ತದೆ. ನಿಜವಾದ ತೊಂದರೆ ನೈಟ್ರೇಟ್. ಕುಡಿಯುವ ನೀರಿಗೆ ಭಾರತೀಯ ಮಾನಕ ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟ್ ಒಪ್ಪುತ್ತದೆ. ಹವಳದಂಥ ಸೂಕ್ಷ್ಮ ಜೀವಿಗಳ ತೊಟ್ಟಿಯಲ್ಲಿ ಅದು ಹತ್ತರೊಳಗೆ ಇರಲಿ ಎಂದು ನೋಡುತ್ತಾರೆ. ಅಂದರೆ ಮನುಷ್ಯರು ಕುಡಿಯಬಹುದಾದ ನೀರು ಸುರಿದೇ ತೊಟ್ಟಿಯನ್ನು ಮೊದಲ ದಿನವೇ ಕೆಡಿಸಬಹುದು. ಪಾಚಿ ಪಾಪ, ಎಷ್ಟೆಂದು ಹೀರೀತು?

ಹಾಗಾಗಿ ಆರ್‌ಒ ನೀರು ಬೇಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್‌ನಲ್ಲಿ ತಂದರೆ ಆಗದೇ? ಆಗಬಹುದು, ಆದರೆ ಟಿಡಿಎಸ್ ಮೀಟರ್ ಅದ್ದಿ ನೋಡಿ. ಅಂಕಿ ಹತ್ತರೊಳಗೆ ಬಂದರೆ ಸರಿ. ಹೆಚ್ಚಿದ್ದರೆ ಡಿಐ ರೆಸಿನ್ ಎಂಬ ಹರಳು ತುಂಬಿದ ಕೊಳವೆಯಲ್ಲಿ ಇನ್ನೊಮ್ಮೆ ಹಾಯಿಸಬೇಕು. ಮನೆಯ ಆರ್‌ಒ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಕೊಡ ಹಿಡಿದು ಕಾಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಆ ನೀರನ್ನು ಹಿಡಿದಿಟ್ಟು ನೆಲ ಒರೆಸಲು, ಪಾತ್ರೆ ತೊಳೆಯಲು ಬಳಸಲಾಗದಿದ್ದರೆ ಈ ಹವ್ಯಾಸಕ್ಕೆ ಕೈ ಹಾಕಬೇಡಿ ಎಂದೇ ನಾವು ಹೇಳುತ್ತೇವೆ.

ಕರೆಂಟ್ ಹೋದಾಗ ನೆಲ ಏಕೆ ಒದ್ದೆಯಾಗುತ್ತದೆ?

ವಿಡಿಯೊಗಳು ತೋರಿಸದ ಭಾಗ ಇದು. ಪಂಪ್ ನಿಂತ ಕೂಡಲೇ ಮೇಲಿನ ನೀರು ಕೆಳಗೆ ಇಳಿಯತೊಡಗುತ್ತದೆ. ಎಷ್ಟು ಇಳಿಯುತ್ತದೆ ಎಂದು ಕಟ್ಟುವ ಮೊದಲೇ ಲೆಕ್ಕ ಹಾಕಬೇಕು.

ಮೇಲಿನ ತೊಟ್ಟಿ 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ ಎಂದಿಟ್ಟುಕೊಳ್ಳಿ. ಅದರಲ್ಲಿ ಒಂದು ಸೆಂಟಿಮೀಟರ್ ಎತ್ತರದ ನೀರು ಎಂದರೆ ಸುಮಾರು 4 ಲೀಟರ್. ಸಂಪ್ 60 ಉದ್ದ, 35 ಅಗಲ, 35 ಎತ್ತರ. ಪಂಪ್ ಓಡುವಾಗ ಅದರಲ್ಲಿ 20 ಸೆಂ.ಮೀ. ನೀರಿದ್ದರೆ ಮೇಲೆ ಖಾಲಿ ಉಳಿಯುವುದು ಸುಮಾರು 31 ಲೀಟರ್ ಜಾಗ. ಈಗ, ಪಂಪಿನಿಂದ ಮೇಲೆ ಹೋದ ಪೈಪಿನ ಬಾಯಿ ನೀರಿನಲ್ಲಿ 10 ಸೆಂ.ಮೀ. ಆಳಕ್ಕೆ ಮುಳುಗಿದೆ ಎನ್ನಿ. ಪಂಪ್ ನಿಂತಾಗ ಅದೇ ಪೈಪ್ ಸೈಫನ್ ಆಗಿ ನೀರನ್ನು ಹಿಂದಕ್ಕೆ ಎಳೆಯುತ್ತದೆ. ಬಾಯಿ ಗಾಳಿಗೆ ತೆರೆದುಕೊಳ್ಳುವವರೆಗೂ, ಅಂದರೆ 40 ಲೀಟರ್ ಇಳಿಯುವವರೆಗೂ ನಿಲ್ಲುವುದಿಲ್ಲ. 31ರ ಜಾಗಕ್ಕೆ 40. ಉಳಿದ 9 ಲೀಟರ್ ಉಪ್ಪುನೀರು ನೆಲಕ್ಕೆ, ಅಲ್ಲೇ ಇರುವ ಪ್ಲಗ್ ಬೋರ್ಡಿಗೆ. ಕರೆಂಟ್ ಬಂದಾಗ ಆ ಬೋರ್ಡ್ ಮುಟ್ಟುವವರು ಯಾರು?

ಪರಿಹಾರಕ್ಕೆ ಖರ್ಚಿಲ್ಲ. ಪೈಪಿನ ಬಾಯಿಯನ್ನು ನೀರಿನ ಮಟ್ಟಕ್ಕಿಂತ ಒಂದೆರಡು ಸೆಂ.ಮೀ. ಮಾತ್ರ ಕೆಳಗಿಡಿ. ನೀರಿನ ಮಟ್ಟದ ತುಸು ಕೆಳಗೆ ಪೈಪಿಗೆ ಒಂದು ಸಣ್ಣ ತೂತು ಕೊರೆಯಿರಿ. ಮಟ್ಟ ಇಳಿದ ಕೂಡಲೇ ಅದು ಗಾಳಿ ಎಳೆದು ಸೈಫನ್ ಮುರಿಯುತ್ತದೆ. ತೂತು ಪಾಚಿಯಿಂದ ಮುಚ್ಚಿಕೊಳ್ಳುವುದುಂಟು, ತಿಂಗಳಿಗೊಮ್ಮೆ ಕಡ್ಡಿ ಆಡಿಸಿ. ‘ನಾನ್ ರಿಟರ್ನ್ ವಾಲ್ವ್ ಹಾಕಿದ್ದೇನೆ, ಸಾಕು’ ಎನ್ನಬೇಡಿ. ಒಂದು ಮರಳಿನ ಕಣ ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ. ಎಲ್ಲ ಜೋಡಿಸಿದ ಮೇಲೆ, ಉಪ್ಪು ಹಾಕುವ ಮೊದಲೇ, ಸಿಹಿನೀರು ತುಂಬಿ ಸ್ವಿಚ್ ಆರಿಸಿ ನೋಡಿ. ಒಂದು ಸಲ ಅಲ್ಲ, ಹತ್ತು ಸಲ.

ನೀರು ಇಳಿಯುವ ದಾರಿಗೆ ತೊಟ್ಟಿಯ ಗಾಜಿನಲ್ಲಿ ತೂತು ಕೊರೆಸುವುದೇ ಭದ್ರ. ಟಫನ್ಡ್ ಗಾಜು ಕೊರೆದರೆ ಚೂರುಚೂರಾಗುತ್ತದೆ, ಮೊದಲು ಖಚಿತಪಡಿಸಿಕೊಳ್ಳಿ. ತೂತಿಲ್ಲದೆ ಅಂಚಿಗೆ ನೇತುಹಾಕುವ ಸೈಫನ್ ಪೆಟ್ಟಿಗೆಗಳೂ ಸಿಗುತ್ತವೆ. ಅವುಗಳಲ್ಲಿ ಗಾಳಿ ಸೇರಿದರೆ ನೀರು ಇಳಿಯುವುದು ನಿಲ್ಲುತ್ತದೆ, ಪಂಪ್ ಮಾತ್ರ ಎತ್ತುತ್ತಲೇ ಇರುತ್ತದೆ. ಆಗ ಉಕ್ಕುವುದು ಮೇಲಿನ ತೊಟ್ಟಿ. ಇಳಿಯುವ ಪೈಪ್ ಎರಡಿರಲಿ, ಒಂದು ಕಟ್ಟಿಕೊಂಡರೆ ಇನ್ನೊಂದು.

ಪೆಟ್ಟಿಗೆ ಕಟ್ಟುವುದು

ಈ ಅಳತೆಯ ಸಂಪ್‌ಗೆ 6 ಮಿ.ಮೀ. ಗಾಜು ಸಾಕು. ಒಳಗೆ ಮೂರು ಕೋಣೆ: ನೀರು ಬೀಳುವ ಕೋಣೆ, ನಡುವೆ ರೆಫ್ಯೂಜಿಯಂ, ಕೊನೆಗೆ ಪಂಪ್. ಪಂಪ್ ಕೋಣೆಗೆ ಮೊದಲು ಮೂರು ಅಡ್ಡಗಾಜು ನಿಲ್ಲಿಸಿ, ನೀರು ಒಂದರ ಮೇಲೆ, ಮುಂದಿನದರ ಅಡಿಯಲ್ಲಿ, ಮತ್ತೊಂದರ ಮೇಲೆ ಹಾಯಬೇಕು. ಗುಳ್ಳೆಗಳೆಲ್ಲ ಅಲ್ಲೇ ಮೇಲೆದ್ದು ಹೋಗುತ್ತವೆ. ಗಾಜುಗಳ ನಡುವೆ ಸುಮಾರು ಎರಡೂವರೆ ಸೆಂ.ಮೀ. ಸಂದು ಇರಲಿ. ಸಿಲಿಕೋನ್ ಕೊಳ್ಳುವಾಗ ಬಚ್ಚಲುಮನೆಗೆಂದು ಮಾರುವ, ಬೂಷ್ಟು ತಡೆಯುವ ಔಷಧ ಬೆರೆತದ್ದು ಬೇಡ, ಅದು ಮೀನಿಗೆ ವಿಷ. ಅಕ್ವೇರಿಯಂಗೆಂದೇ ಮಾರುವುದನ್ನು ತನ್ನಿ, ಅಂಟಿಸಿ ಒಂದು ವಾರ ಒಣಗಲು ಬಿಡಿ.

ರೆಫ್ಯೂಜಿಯಂ ಮೇಲೆ ಒಂದು ಬಿಳಿ ಎಲ್‌ಇಡಿ ಬಲ್ಬ್ ಇದ್ದರೆ ಕೀಟೊಮಾರ್ಫ ಬೆಳೆಯುತ್ತದೆ. ಮೇಲಿನ ದೀಪ ಆರಿದಾಗ ಇದನ್ನು ಉರಿಸುವುದು ಜಾಣತನ. ರಾತ್ರಿ ಎಲ್ಲ ಜೀವಿಗಳೂ ಇಂಗಾಲದ ಡೈಆಕ್ಸೈಡ್ ಬಿಟ್ಟು ನೀರಿನ ಪಿಎಚ್ ಇಳಿಯುವ ಹೊತ್ತಿಗೆ ಪಾಚಿ ಅದನ್ನು ಹೀರಿ ಸಮತೋಲನ ಕಾಯುತ್ತದೆ. ಪಂಪ್ ಗಂಟೆಗೆ ತೊಟ್ಟಿಯ ನೀರಿನ ಮೂರರಿಂದ ಐದು ಪಟ್ಟು ಎತ್ತಿದರೆ ಸಾಕು. ಡಬ್ಬದ ಮೇಲಿನ ಅಂಕಿ ಎತ್ತರವಿಲ್ಲದಾಗಿನದು, ನಾಲ್ಕಡಿ ಮೇಲೆ ಎತ್ತುವಾಗ ಅಷ್ಟು ಬರುವುದಿಲ್ಲ.

ಹಿತ್ತಾಳೆ ನಲ್ಲಿ, ತಾಮ್ರದ ತಂತಿ, ಜಿಐ ಕ್ಲಿಪ್ ಯಾವುದೂ ನೀರಿಗೆ ತಾಗಬಾರದು. ತಾಮ್ರ ಸ್ವಲ್ಪವೇ ಕರಗಿದರೂ ಸೀಗಡಿ, ಶಂಖದ ಹುಳುಗಳು ಸಾಯುತ್ತವೆ. ವಿದ್ಯುತ್ತಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಕಡ್ಡಾಯ. ಪ್ಲಗ್ ಬೋರ್ಡ್ ಸಂಪ್‌ಗಿಂತ ಎತ್ತರದಲ್ಲಿರಲಿ. ವೈರಿನಗುಂಟ ಜಾರಿದ ಹನಿ ಪ್ಲಗ್ಗಿಗೆ ಹೋಗದಂತೆ ವೈರನ್ನು ಒಮ್ಮೆ ಕೆಳಗೆ ಬಾಗಿಸಿ ಮೇಲೆ ಒಯ್ಯಿರಿ. ಪಂಪ್ ಮುಟ್ಟುವ ಮುನ್ನ ಸ್ವಿಚ್ ಆರಿಸಿ. ಕೈಯಲ್ಲಿ ಗಾಯವಿದ್ದರೆ ಕೈಗವಸು ಇಲ್ಲದೆ ನೀರಿಗೆ ಇಳಿಸಬೇಡಿ.

ಒಣಗಾಳಿಯ ಒಂದು ಉಪಕಾರ

ಇಂಥ ಮೀನಿಗೆ 24ರಿಂದ 27 ಡಿಗ್ರಿ ಹಿತ. ಪರಶುರಾಂಪುರದ ಏಪ್ರಿಲ್‌ನಲ್ಲಿ ಅದು ಹೇಗೆ ಸಾಧ್ಯ? ಮಣ್ಣಿನ ಮಡಕೆ ನೀರು ತಂಪಾಗಿಸುವ ಉಪಾಯವೇ ಇಲ್ಲೂ ನಡೆಯುತ್ತದೆ. ಸಂಪ್ ಮೇಲೆ ಸಣ್ಣ ಫ್ಯಾನ್ ಬೀಸಿದರೆ ನೀರು ಆವಿಯಾಗುತ್ತಾ ಉಳಿದದ್ದು ತಣ್ಣಗಾಗುತ್ತದೆ. ಲೆಕ್ಕದ ಪ್ರಕಾರ ಒಂದು ಲೀಟರ್ ಆವಿಯಾದರೆ 200 ಲೀಟರಿನ ಉಷ್ಣತೆಯನ್ನು ಸುಮಾರು 3 ಡಿಗ್ರಿ ಇಳಿಸುವಷ್ಟು ಶಾಖ ಹೊರಹೋಗುತ್ತದೆ. ಸುತ್ತಲಿನ ಗಾಳಿ ಮತ್ತೆ ಬಿಸಿ ಮಾಡುವುದರಿಂದ ಅಷ್ಟು ಇಳಿಯದು, ಆದರೂ ಮಂಗಳೂರಿನ ತೇವದ ಗಾಳಿಗಿಂತ ಬಯಲುಸೀಮೆಯ ಒಣಗಾಳಿಯಲ್ಲಿ ಈ ಉಪಾಯ ಚೆನ್ನಾಗಿ ಫಲಿಸುತ್ತದೆ.

ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. 200 ಲೀಟರಿನಲ್ಲಿ 10 ಲೀಟರ್ ಕಡಿಮೆಯಾದರೆ ಲೀಟರಿಗೆ 35 ಗ್ರಾಂ ಇದ್ದದ್ದು ಸುಮಾರು 37 ಆಗುತ್ತದೆ. ತುಂಬಿಸಬೇಕಾದ್ದು ಉಪ್ಪು ಹಾಕದ ಆರ್‌ಒ ನೀರು, ಅದೂ ದಿನವೂ.

ಕಲ್ಲು, ಹವಳ, ಕಾನೂನು

ತೊಟ್ಟಿಗೆ ‘ಲೈವ್ ರಾಕ್’ ಬೇಕು, ಕಡಲತೀರದಿಂದ ತಂದುಕೊಳ್ಳಿ ಎನ್ನುವ ಸಂದೇಶವನ್ನು ಮುಂದೆ ಕಳಿಸಲೇಬೇಡಿ. ಬಂಡೆ ಕಟ್ಟುವ ಹವಳಗಳು, ಕರಿಹವಳ, ಕಡಲ ಬೀಸಣಿಗೆ, ಕಡಲ ಕುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರುಡೇಶ್ವರದ ಆಚೆ ನೇತ್ರಾಣಿಯ ಹವಳವನ್ನು ಮುರಿದು ತರುವುದು ಹುಲಿಯನ್ನು ಮುಟ್ಟಿದಷ್ಟೇ ಗಂಭೀರ ಅಪರಾಧ. ಒಣ ಕಲ್ಲು ಅಥವಾ ಸಿಮೆಂಟಿನಿಂದ ಮಾಡಿದ ಕೃತಕ ಕಲ್ಲು ಸಾಕು, ಬ್ಯಾಕ್ಟೀರಿಯಾ ಅದರಲ್ಲೂ ಮನೆ ಮಾಡುತ್ತವೆ. ಮೀನು ಕೊಳ್ಳುವಾಗ ಸಾಕಣೆಯಲ್ಲಿ ಹುಟ್ಟಿದ್ದೇ ಎಂದು ಕೇಳಿ. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ.

ತೆಗೆದ ನೀರನ್ನು ಎಲ್ಲಿ ಚೆಲ್ಲುವುದು? 20 ಲೀಟರಿನಲ್ಲಿ 700 ಗ್ರಾಂ ಉಪ್ಪಿರುತ್ತದೆ. ತೆಂಗಿನ ಬುಡಕ್ಕೆ, ಹೊಲಕ್ಕೆ, ಹಳ್ಳಕ್ಕೆ ಬೇಡ. ಅಗಲವಾದ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಮಾಳಿಗೆಯ ಮೇಲೆ ಬಿಸಿಲಿಗಿಟ್ಟರೆ ನಮ್ಮ ಬಿಸಿಲು ಅದನ್ನು ಬೇಗ ಒಣಗಿಸುತ್ತದೆ. ಉಳಿದ ಉಪ್ಪನ್ನು ತಿನ್ನಬಾರದು, ದನಕ್ಕೂ ಇಡಬಾರದು. ಕಿತ್ತ ಪಾಚಿಯನ್ನೂ ಹಾಗೆಯೇ ಒಣಗಿಸಿ ಕಸಕ್ಕೆ ಹಾಕಿ.

ಇಷ್ಟೆಲ್ಲ ಆಗದು ಅನ್ನಿಸಿದರೆ ಸಿಹಿನೀರಿನಲ್ಲೇ ಇದೇ ಸಂಪ್ ಕಟ್ಟಬಹುದು. ಗಪ್ಪಿ, ಮಾಲಿ ಮೀನು ಬಿಟ್ಟು, ರೆಫ್ಯೂಜಿಯಂ ಕೋಣೆಯಲ್ಲಿ ಮನಿ ಪ್ಲಾಂಟಿನ ಬೇರು ಮಾತ್ರ ನೀರಿಗೆ ಇಳಿಬಿಡಿ, ಎಲೆ ಮೇಲಿರಲಿ. ಕೀಟೊಮಾರ್ಫ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಬದಲಿಸಿದ ನೀರನ್ನು ಈ ಸಲ ಧಾರಾಳವಾಗಿ ತೆಂಗಿನ ಬುಡಕ್ಕೆ ಹಾಕಬಹುದು.