ಪ್ರಷ್ಯಾ ಅಂದರೆ ಯಾವ ಊರು?

ಇಲ್ಲಿ ಬರೆದು ಬಹಳ ದಿನವಾಯ್ತು. ಈ ಸಲ ಕಾರಣ ಆಫೀಸ್ ಕೆಲಸ ಅಲ್ಲ, ಒಂದು ಗೋರಿಕಲ್ಲು!

ನಮ್ಮ ಟೀಮಿನಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಿಂದ ಕೆಲಸ ಮಾಡುವ ಒಬ್ಬ ಮಹಿಳೆ ಇದ್ದಾರೆ. ಒಂದು ರಾತ್ರಿ ಕಾಲ್ ಮುಗಿದ ಮೇಲೆ ಫೋಟೋ ಕಳಿಸಿದರು. ಪಾಚಿ ಹಿಡಿದ ಕಲ್ಲು, ಅದರ ಮೇಲೆ ಅವರ ಮುತ್ತಜ್ಜನ ಅಪ್ಪನ ಹೆಸರು, ಕೆಳಗೆ ‘ಹುಟ್ಟಿದ್ದು ಪ್ರಷ್ಯಾ’. ಅವರ ತಂದೆಗೆ ಎಂಬತ್ತು ದಾಟಿದೆ, ಮರೆವು ಶುರುವಾಗಿದೆ. ‘ನಾವು ಬಂದದ್ದು ಯಾವ ಊರಿಂದ?’ ಅಂತ ದಿನಾ ಕೇಳ್ತಾರಂತೆ. ಅಪ್ಪನಿಗೆ ಅರ್ಥವಾಗುವಷ್ಟರಲ್ಲಿ ಉತ್ತರ ಸಿಕ್ಕರೆ ಸಾಕು ಅಂದರು. ಡೇಟಾಬೇಸ್ ಕೆಲಸ ಮಾಡುವವನಿಗೆ ಇದೇನು ಮಹಾ ಅಂದುಕೊಂಡು ಹೂಂ ಅಂದುಬಿಟ್ಟೆ. ನಮ್ಮಲ್ಲಾದರೆ ಎಷ್ಟೋ ಜನರ ಇನಿಶಿಯಲ್‌ನಲ್ಲೇ ಊರು ಕೂತಿರುತ್ತೆ ನೋಡಿ, ಆ ಧೈರ್ಯ :)

ಮೊದಲ ಪೆಟ್ಟು: ಪ್ರಷ್ಯಾ ಊರಲ್ಲ, ರಾಜ್ಯ. ಅದೂ ಎಂಥದ್ದು! 1815ರ ನಂತರ ಪಶ್ಚಿಮದಲ್ಲಿ ರೈನ್ ನದಿಯಿಂದ ಪೂರ್ವದಲ್ಲಿ ಈಗಿನ ಲಿಥುವೇನಿಯಾದ ಅಂಚಿನವರೆಗೆ. 1871ಕ್ಕೆ ಮುಂಚೆ ಜರ್ಮನಿ ಅನ್ನೋ ಒಂದು ದೇಶವೇ ಇರಲಿಲ್ಲ. ಹಾಗಾಗಿ ಅಮೆರಿಕದ ಜನಗಣತಿಯವರು ಕೇಳಿದಾಗ ಜನ ಪ್ರಷ್ಯಾ, ಬವೇರಿಯಾ, ಹೆಸ್ಸೆ ಅಂತ ಹೇಳಿದರು. ಊರಿನ ಹೆಸರು ಗಣತಿಯವರಿಗೆ ಬೇಕಿರಲಿಲ್ಲ. ಸಾಲದ್ದಕ್ಕೆ 1890ರ ಗಣತಿಯ ಬಹುಪಾಲು 1921ರ ಬೆಂಕಿಗೆ ಸಿಕ್ಕಿ ಹಾಳಾಯ್ತು.

ಜರ್ಮನಿಯ ದಾಖಲೆಗಳಲ್ಲೇ ನೇರವಾಗಿ ಹುಡುಕೋಣ ಅಂದರೆ ಅದೂ ಆಗದು. ಹಳೇ ಜನನ-ಮರಣ-ಮದುವೆ ದಾಖಲೆಗಳೆಲ್ಲ ಆಯಾ ಊರಿನ ಚರ್ಚಿನ ಪುಸ್ತಕಗಳಲ್ಲಿವೆ. ಇಡೀ ದೇಶಕ್ಕೆ ಸರ್ಕಾರಿ ನೋಂದಣಿ ಬಂದದ್ದು 1876ರಲ್ಲಿ. ಅಂದರೆ ಊರು ಗೊತ್ತಿದ್ದರೆ ಪುಸ್ತಕ ಸಿಗುತ್ತೆ, ಪುಸ್ತಕ ಸಿಕ್ಕರೆ ಊರು ಗೊತ್ತಾಗುತ್ತೆ. ಒಳ್ಳೇ ಡೆಡ್‌ಲಾಕ್!

ಹಡಗಿನ ಪಟ್ಟಿ ನೋಡೋಣ ಅಂತ ಹೊರಟೆ. ಹ್ಯಾಂಬರ್ಗ್ ಬಂದರಿನವರು ಪುಣ್ಯಾತ್ಮರು. 1850ರಿಂದ 1934ರವರೆಗಿನ ಪಟ್ಟಿಗಳು ಉಳಿದಿವೆ, ಪ್ರಯಾಣಿಕ ಯಾವ ಊರಿನಿಂದ ಬಂದ ಅಂತಲೂ ಇದೆ. ಬ್ರೆಮೆನ್ ಬಂದರಿನಲ್ಲಿ ಮಾತ್ರ ಜಾಗವಿಲ್ಲ ಅಂತ 19ನೇ ಶತಮಾನದ ಪಟ್ಟಿಗಳನ್ನು ಕಚೇರಿಯವರೇ ನಾಶಮಾಡಿದರು. ಆಮೇಲಿನವುಗಳಲ್ಲೂ ಹೆಚ್ಚಿನವು ಎರಡನೇ ಮಹಾಯುದ್ಧದಲ್ಲಿ ಹೋದವು. ಲಕ್ಷಾಂತರ ಜನರ ಊರಿನ ಹೆಸರು ಹೀಗೆ ರದ್ದಿಯಾಯ್ತು. ನಮ್ಮ ಅಜ್ಜ ಹ್ಯಾಂಬರ್ಗ್ ಪಟ್ಟಿಯಲ್ಲಿಲ್ಲ.

ಇನ್ನೊಂದು ತೊಡಕು, ಬೇಕಂತಲೇ ಮುಚ್ಚಿಟ್ಟ ಊರುಗಳದ್ದು. ಎರಡು ಮಹಾಯುದ್ಧಗಳ ಕಾಲದಲ್ಲಿ ಅಮೆರಿಕದಲ್ಲಿ ಜರ್ಮನ್ ಅನ್ನಿಸಿಕೊಳ್ಳುವುದು ಕಷ್ಟವಾಗಿತ್ತು. ಷ್ಮಿಟ್‌ಗಳು ಸ್ಮಿತ್ ಆದರು. ಇದಕ್ಕೆ ಎಲ್ಲರಿಗೂ ಗೊತ್ತಿರುವ ಮನೆತನದ ಉದಾಹರಣೆಯೇ ಇದೆ. ಡೊನಾಲ್ಡ್ ಟ್ರಂಪ್ ಹೆಸರಿನಲ್ಲಿ 1987ರಲ್ಲಿ ಬಂದ ಪುಸ್ತಕ ಅವರ ಅಜ್ಜ ಸ್ವೀಡನ್ನಿನವರು ಅನ್ನುತ್ತೆ. ನಿಜಕ್ಕೂ ಅಜ್ಜ ಫ್ರೀಡ್ರಿಶ್ ಟ್ರಂಪ್ ಹುಟ್ಟಿದ್ದು 1869ರಲ್ಲಿ, ಆಗ ಬವೇರಿಯಾ ರಾಜ್ಯಕ್ಕೆ ಸೇರಿದ್ದ ಕಾಲ್‌ಸ್ಟಾಟ್ ಎಂಬ ದ್ರಾಕ್ಷಿತೋಟಗಳ ಪುಟ್ಟ ಹಳ್ಳಿಯಲ್ಲಿ. ಕ್ಷೌರದ ಕೆಲಸ ಕಲಿತು, 16ನೇ ವಯಸ್ಸಿಗೆ, 1885ರಲ್ಲಿ ಬ್ರೆಮೆನ್‌ನಿಂದ ಹಡಗು ಹತ್ತಿದ. ದುಡ್ಡು ಮಾಡಿಕೊಂಡು ಹೆಂಡತಿಯ ಜೊತೆ ಊರಿಗೆ ವಾಪಸು ಬಂದರೆ, ಸೈನ್ಯದ ಸೇವೆ ತಪ್ಪಿಸಿಕೊಂಡು ಓಡಿಹೋದವನು ಅಂತ ಬವೇರಿಯಾ ಸರ್ಕಾರ 1905ರಲ್ಲಿ ಹೊರಗೆ ಕಳಿಸಿತು. ರಾಜಪ್ರತಿನಿಧಿ ಲುಯಿಟ್‌ಪೋಲ್ಡ್‌ಗೆ ಬರೆದುಕೊಂಡ ಅರ್ಜಿಯೂ ಫಲ ಕೊಡಲಿಲ್ಲ. ಇಷ್ಟೆಲ್ಲ ದಾಖಲೆಯಲ್ಲಿರುವ ಊರನ್ನೇ ಒಂದು ಮನೆತನ ದಶಕಗಳ ಕಾಲ ಸ್ವೀಡನ್ ಮಾಡಿಬಿಟ್ಟಿತ್ತು. ಅಂದಹಾಗೆ, ಕೆಚಪ್ ಖ್ಯಾತಿಯ ಹೈಂಜ್‌ನ ಅಪ್ಪನೂ ಇದೇ ಕಾಲ್‌ಸ್ಟಾಟ್‌ನವನು.

ಇರಲಿ, ನಮ್ಮ ಅಜ್ಜನ ವಿಷಯಕ್ಕೆ ಬರೋಣ. ಇಂಥ ಹುಡುಕಾಟ ಮಾಡುವ ಅನುಭವಿಗಳು ಹೇಳುವುದು ಒಂದೇ: ಊರು ಜರ್ಮನಿಯಲ್ಲಿ ಸಿಗಲ್ಲ, ಅಮೆರಿಕದಲ್ಲೇ ಸಿಗುತ್ತೆ. ವಲಸಿಗರು ಅಲ್ಲಿ ಕಟ್ಟಿಕೊಂಡ ಜರ್ಮನ್ ಚರ್ಚುಗಳ ಪುಸ್ತಕದಲ್ಲಿ. ಪಾದ್ರಿಯೂ ಅಲ್ಲಿಂದ ಬಂದವನೇ ಆದರೆ ‘ನಿಮ್ಮದು ಯಾವೂರು’ ಅಂತ ಕೇಳದೆ ಬಿಡುತ್ತಾನೆಯೇ? ಸಹೋದ್ಯೋಗಿ ರಜೆ ಹಾಕಿ ಹೋಗಿ, ಅಜ್ಜನ ಮದುವೆಯ ಪುಟದ ಫೋಟೋ ತೆಗೆದು ಕಳಿಸಿದರು.

ಓದಲು ಬಂದರೆ ತಾನೇ! ಅದು ಕುರೆಂಟ್ ಎಂಬ ಹಳೇ ಜರ್ಮನ್ ಕೈಬರಹ. ಅದರಲ್ಲಿ ‘ಇ’ ಅಕ್ಷರ ‘ಎನ್’ ಥರ ಕಾಣುತ್ತೆ, ‘ಯು’ ತಲೆಯ ಮೇಲೊಂದು ಕೊಕ್ಕೆ. ಅಕ್ಷರಮಾಲೆಯ ಪಟ್ಟಿ ಪಕ್ಕಕ್ಕಿಟ್ಟುಕೊಂಡು ಮೂರು ರಾತ್ರಿ ಒದ್ದಾಡಿದೆ. ಒಂದು ಹಳ್ಳಿಯ ಹೆಸರು, ಮುಂದೆ ಏನೋ ಗೀಚಿದಂತೆ, ಆಮೇಲೆ ‘ಗ್ರೈಫೆನ್‌ಬರ್ಗ್’ ಅಂತ ಕಂಡಿತು. ಖುಷಿಯಿಂದ ಕುಣಿದೆ.

ಗ್ರೈಫೆನ್‌ಬರ್ಗ್ ಎಷ್ಟಿವೆ ಗೊತ್ತಾ? ಬವೇರಿಯಾದಲ್ಲಿ ಒಂದು, ಬರ್ಲಿನ್ನಿನ ಉತ್ತರಕ್ಕೆ ಒಂದು, ಸೈಲೀಸಿಯಾದಲ್ಲಿ ಒಂದು, ಪೊಮೆರೇನಿಯಾದಲ್ಲಿ ಒಂದು. ಕಾಗುಣಿತದಲ್ಲಿ ಒಂದು ‘ಎಫ್’ ಹೆಚ್ಚುಕಮ್ಮಿ, ಅಷ್ಟೇ. ನಾನು ಯಾಕೋ ಸೈಲೀಸಿಯಾ ಹಿಡಿದುಕೊಂಡು ಒಂದು ವಾರ ಅಲ್ಲೇ ಅಲೆದೆ. 1912ರ ‘ಮೈಯರ್ಸ್ ಓರ್ಟ್ಸ್’ ಎಂಬ ಊರುಗಳ ಕೋಶ ಈಗ ಇಂಟರ್ನೆಟ್‌ನಲ್ಲೇ ಇದೆ. ಅವಿಭಜಿತ ಜರ್ಮನಿಯ ಸಣ್ಣ ಸಣ್ಣ ಕೊಪ್ಪಲುಗಳೂ ಅದರಲ್ಲಿವೆ. ಆದರೆ ಸೈಲೀಸಿಯಾದ ಆ ಊರಿನ ಸುತ್ತ ನಮ್ಮ ಹಳ್ಳಿಯ ಹೆಸರಿಲ್ಲ.

ತಪ್ಪು ನನ್ನದೇ. ಗೀಚಿದ್ದಂತೆ ಕಂಡದ್ದು ಮಸಿಯ ಕಲೆಯಲ್ಲ, ‘ಕೆ.ಆರ್.’ ಅನ್ನುವ ಎರಡು ಅಕ್ಷರ. ಕೆ.ಆರ್. ಅಂದರೆ ನಮಗೆ ಕೃಷ್ಣರಾಜ ಒಡೆಯರು. ಅವರಿಗೆ ‘ಕ್ರೈಸ್’, ಅಂದರೆ ತಾಲ್ಲೂಕಿನಂಥ ಒಂದು ಆಡಳಿತ ಭಾಗ. ಸೈಲೀಸಿಯಾದ ಗ್ರೈಫೆನ್‌ಬರ್ಗ್ ಬೇರೊಂದು ಕ್ರೈಸ್‌ಗೆ ಸೇರಿದ ಪಟ್ಟಣ. ತನ್ನ ಹೆಸರಲ್ಲೇ ಕ್ರೈಸ್ ಇದ್ದದ್ದು ಪೊಮೆರೇನಿಯಾದ ಗ್ರೈಫೆನ್‌ಬರ್ಗ್‌ಗೆ. ಅಲ್ಲಿ ಹುಡುಕಿದರೆ ಹತ್ತೇ ನಿಮಿಷಕ್ಕೆ ಹಳ್ಳಿ ಸಿಕ್ಕಿತು. ಆಮೇಲೆ ಎಲ್ಲ ಕೂಡಿಬಂತು. ವಿಸ್ಕಾನ್ಸಿನ್‌ಗೆ ಪೊಮೆರೇನಿಯಾದವರು 1839ರಿಂದಲೇ ಗುಂಪುಗುಂಪಾಗಿ ಬಂದಿದ್ದರು. ಪ್ರಷ್ಯಾದ ರಾಜ ಲೂಥರನ್ ಮತ್ತು ರಿಫಾರ್ಮ್ಡ್ ಚರ್ಚುಗಳನ್ನು ಒಂದು ಮಾಡಹೊರಟಾಗ ಒಪ್ಪದ ಹಳೇ ಲೂಥರನ್ನರು ಅವರು. ಒಬ್ಬರ ಹಿಂದೆ ಒಬ್ಬರು, ನೆಂಟರು, ನೆರೆಯವರು. ಅಜ್ಜನ ಮದುವೆಗೆ ಸಾಕ್ಷಿ ಹಾಕಿದವರ ಹೆಸರುಗಳನ್ನೂ ನೋಡಿದೆ, ಅವರೂ ಅದೇ ಸೀಮೆಯವರು. ಮೊದಲೇ ನೆರೆಹೊರೆಯವರನ್ನು ಹುಡುಕಿದ್ದರೆ ಒಂದು ವಾರ ಉಳಿಯುತ್ತಿತ್ತು.

ಇವತ್ತಿನ ನಕ್ಷೆಯಲ್ಲಿ ಗ್ರೈಫೆನ್‌ಬರ್ಗ್ ಇಲ್ಲ. ಅದು ಪೋಲೆಂಡಿನ ಗ್ರಿಫಿತ್ಸೆ. 1945ರ ನಂತರ ಗಡಿ ಸರಿಯಿತು, ಅಲ್ಲಿದ್ದ ಜರ್ಮನ್ನರನ್ನು ಹೊರಗೆ ಹಾಕಿದರು, ಪೂರ್ವದಿಂದ ಪೋಲರು ಬಂದು ನೆಲೆಸಿದರು. ಪೊಮೆರೇನಿಯಾದ ಎಷ್ಟೋ ಚರ್ಚ್ ಪುಸ್ತಕಗಳು ಯುದ್ಧದಲ್ಲೇ ಹೋದವು. ನಮ್ಮ ಹಳ್ಳಿಗೂ ಈಗ ಪೋಲಿಷ್ ಹೆಸರು. ಉಪಗ್ರಹದ ಚಿತ್ರದಲ್ಲಿ ಒಂದು ರಸ್ತೆ, ಒಂದಿಷ್ಟು ಕೆಂಪು ಹೆಂಚಿನ ಮನೆ, ಸುತ್ತ ಹೊಲ.

ಚಿತ್ರ ಕಳಿಸಿದೆ. ತಂದೆ ಬಹಳ ಹೊತ್ತು ನೋಡಿದರಂತೆ. ಜರ್ಮನ್ ಹೆಸರನ್ನು ತಕ್ಷಣ ಹೇಳಿದರು, ಪೋಲಿಷ್ ಹೆಸರನ್ನು ನಾಲ್ಕು ಸಲ ಹೇಳಿಸಿಕೊಂಡರು. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಮತ್ತೆ, ‘ನಾವು ಬಂದದ್ದು ಯಾವ ಊರಿಂದ?’

ಈಗ ಎರಡೂ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾರೆ.