ಕುಲಪತಿಯನ್ನು ಆರಿಸುವವರು ಯಾರು?

ವಿಶ್ವವಿದ್ಯಾನಿಲಯವೊಂದರ ಕುಲಪತಿಗಳ ಅವಧಿ ಮುಗಿಯುತ್ತ ಬಂದಂತೆ ಊಹಾಪೋಹಗಳು ಶುರುವಾಗುತ್ತವೆ. ಪಟ್ಟಿಯಲ್ಲಿ ಯಾರ ಹೆಸರಿದೆ, ಈ ಬಾರಿ ಯಾವ ಜಾತಿಯ ಸರದಿ, ಯಾರ ಬೆನ್ನಿಗೆ ಯಾವ ಮಂತ್ರಿಗಳಿದ್ದಾರೆ ಎಂಬ ಮಾತುಗಳ ನಡುವೆ ಮೂಲ ಪ್ರಶ್ನೆ ಹಿಂದೆ ಸರಿದುಬಿಡುತ್ತದೆ. ಆರಿಸುವ ಅಧಿಕಾರ ಯಾರದು? ಆರಿಸಿದವರ ಮಾತನ್ನು ಕುಲಪತಿ ಎಷ್ಟರಮಟ್ಟಿಗೆ ಕೇಳಬೇಕು? ಈ ಪ್ರಶ್ನೆ ಇಂದು ನಿನ್ನೆಯದಲ್ಲ.

ಮೈಸೂರು ವಿಶ್ವವಿದ್ಯಾನಿಲಯ 1916ರ ಜುಲೈ 27ರಂದು ಆರಂಭವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಛಾನ್ಸಲರ್ ಆದರು. ಸಂಸ್ಥಾನದ ಹಿರಿಯ ಅಧಿಕಾರಿ ಎಚ್.ವಿ. ನಂಜುಂಡಯ್ಯನವರು ಮೊದಲ ವೈಸ್ ಛಾನ್ಸಲರ್. ಈ ಹುದ್ದೆಯನ್ನು ಕನ್ನಡದಲ್ಲಿ ಬಹುಕಾಲ ‘ಉಪಕುಲಪತಿ’ ಎಂದೇ ಕರೆಯುತ್ತಿದ್ದರು. ‘ಕುಲಪತಿ’ ಎಂಬುದು ಆಮೇಲೆ ಬಳಕೆಗೆ ಬಂತು. ಹೊಸ ಸಂಸ್ಥೆಯನ್ನು ನಿಲ್ಲಿಸಲು ಆಡಳಿತ ಬಲ್ಲವರು ಬೇಕಾಗಿತ್ತು. ನಂಜುಂಡಯ್ಯನವರು ಅಂಥವರು. ಜೊತೆಗೆ ವಿದ್ವಾಂಸರು, ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು.

1920ರಲ್ಲಿ ಅವರು ತೀರಿಕೊಂಡರು. ಅವರ ಸ್ಥಾನಕ್ಕೆ ಮೈಸೂರು ಆರಿಸಿದ್ದು ಇನ್ನೊಬ್ಬ ಅಧಿಕಾರಿಯನ್ನಲ್ಲ, ದೂರದ ಬಂಗಾಳದ ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್ ಅವರನ್ನು. ಆಗ ಅವರು ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಐದನೆಯ ಜಾರ್ಜ್ ಹೆಸರಿನ ತತ್ತ್ವಶಾಸ್ತ್ರ ಪೀಠದಲ್ಲಿದ್ದರು. ಅವರು ತೆರವು ಮಾಡಿದ ಆ ಪೀಠಕ್ಕೆ 1921ರಲ್ಲಿ ಹೋದವರು ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್! ಹೀಗೆ ಮೈಸೂರು ಮತ್ತು ಕಲ್ಕತ್ತಾ ಒಬ್ಬರನ್ನು ಕೊಟ್ಟು ಒಬ್ಬರನ್ನು ಪಡೆದವು. ಸೀಲ್ 1930ರವರೆಗೂ ಮೈಸೂರಿನಲ್ಲಿದ್ದರು. ಅರಮನೆಗೆ ಅವರ ಮೇಲೆ ಎಷ್ಟು ವಿಶ್ವಾಸವಿತ್ತೆಂದರೆ, ಸಂಸ್ಥಾನದ ರಾಜ್ಯಾಂಗ ಸುಧಾರಣೆಗಾಗಿ ನೇಮಿಸಿದ ಸಮಿತಿಗೂ ಅವರೇ ಅಧ್ಯಕ್ಷರಾದರು.

ಆರಿಸಿದವರಿಗೂ ಆಯ್ಕೆಯಾದವರಿಗೂ ಎಲ್ಲೆಡೆ ಇಂಥ ಸಾಮರಸ್ಯವಿರಲಿಲ್ಲ. ರಾಧಾಕೃಷ್ಣನ್ ಅವರನ್ನು ಕಲ್ಕತ್ತೆಗೆ ಕರೆಸಿಕೊಂಡ ಆಶುತೋಷ ಮುಖರ್ಜಿಯವರ ಅನುಭವವೇ ಬೇರೆ. ಹೈಕೋರ್ಟ್ ನ್ಯಾಯಾಧೀಶರಾಗಿದ್ದ ಅವರು 1906ರಿಂದ 1914ರವರೆಗೆ, ಮತ್ತೆ 1921ರಿಂದ 1923ರವರೆಗೆ ಅಲ್ಲಿ ವೈಸ್ ಛಾನ್ಸಲರ್. ಪರೀಕ್ಷೆ ನಡೆಸಿ ಪದವಿ ಕೊಡುವುದೇ ಮುಖ್ಯ ಕೆಲಸವಾಗಿದ್ದ ಸಂಸ್ಥೆಯನ್ನು ಸ್ನಾತಕೋತ್ತರ ಬೋಧನೆ, ಸಂಶೋಧನೆಗಳ ಕೇಂದ್ರವಾಗಿ ಬೆಳೆಸಿದವರು ಅವರು. ಆದರೆ ಹಣದ ಮುಗ್ಗಟ್ಟಿತ್ತು. 1922ರಲ್ಲಿ ಬಂಗಾಳ ಸರ್ಕಾರ ಎರಡೂವರೆ ಲಕ್ಷ ರೂಪಾಯಿ ಕೊಡಲು ಮುಂದಾಯಿತು, ಕೆಲವು ಷರತ್ತುಗಳೊಡನೆ. ವಿಶ್ವವಿದ್ಯಾನಿಲಯ ಅದನ್ನು ಒಲ್ಲೆನೆಂದಿತು. ಮರುವರ್ಷ ಗವರ್ನರ್ ಲಾರ್ಡ್ ಲಿಟ್ಟನ್, ಸರ್ಕಾರದೊಡನೆ ಸಹಕರಿಸುವುದಾದರೆ ಇನ್ನೊಂದು ಅವಧಿಗೆ ನೇಮಿಸುವುದಾಗಿ ತಿಳಿಸಿದರು. ಆಶುತೋಷರು ಖಾರವಾಗಿ ಉತ್ತರ ಬರೆದು ಹುದ್ದೆಯನ್ನೇ ನಿರಾಕರಿಸಿದರು.

ಸ್ವಾತಂತ್ರ್ಯಾನಂತರ ಮಹಾರಾಜರೂ ಬ್ರಿಟಿಷ್ ಗವರ್ನರರೂ ಹೋದರು. ಮೈಸೂರಿನಲ್ಲಿ 1956ರಲ್ಲಿ ಕುವೆಂಪು ಉಪಕುಲಪತಿಗಳಾದರು. ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿ, ಅಲ್ಲಿಯೇ ಪಾಠ ಹೇಳಿ ಆ ಸ್ಥಾನಕ್ಕೇರಿದವರು ಅವರು. ಸ್ನಾತಕೋತ್ತರ ಅಧ್ಯಯನಕ್ಕೆಂದೇ ರೂಪುಗೊಂಡ ‘ಮಾನಸಗಂಗೋತ್ರಿ’ ಅವರ ಕಾಲದ ಕನಸು, ಹೆಸರೂ ಅವರದೇ.

ಒಬ್ಬರ ಮರ್ಜಿಗೆ ಬಿಡಬಾರದೆಂದು ನೇಮಕಕ್ಕೆ ಕ್ರಮೇಣ ಶೋಧನಾ ಸಮಿತಿಗಳು ಬಂದವು. ಕರ್ನಾಟಕದ 2000ದ ವಿಶ್ವವಿದ್ಯಾಲಯಗಳ ಕಾಯ್ದೆಯು ರಾಜ್ಯಪಾಲರು, ರಾಜ್ಯ ಸರ್ಕಾರ, ಯುಜಿಸಿ, ಸಿಂಡಿಕೇಟ್ ಈ ನಾಲ್ವರ ಪ್ರತಿನಿಧಿಗಳಿರುವ ಸಮಿತಿಯನ್ನು ರೂಪಿಸಿತು. ಸಮಿತಿ ಹೆಸರುಗಳ ಪಟ್ಟಿ ಕೊಡಬೇಕು. ಸರ್ಕಾರದ ಸಹಮತಿಯೊಡನೆ ರಾಜ್ಯಪಾಲರು ಒಬ್ಬರನ್ನು ನೇಮಿಸಬೇಕು. ಪಟ್ಟಿ ಎಂಬ ಮಾತಿಗೆ ಎಷ್ಟು ತೂಕವಿದೆ ಎಂಬುದನ್ನು ಸುಪ್ರೀಂ ಕೋರ್ಟ್ 2022ರಲ್ಲಿ ತೋರಿಸಿತು. ಕೇರಳದ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಒಂದೇ ಹೆಸರು ಶಿಫಾರಸಾಗಿತ್ತೆಂದು ಅಲ್ಲಿನ ಕುಲಪತಿಯ ನೇಮಕವನ್ನೇ ರದ್ದುಪಡಿಸಿತು. ಸಮಿತಿಯ ರಚನೆಯಲ್ಲಿ ರಾಜ್ಯ ಸರ್ಕಾರಗಳಿಗೆ ಪಾಲಿಲ್ಲದಂತೆ ಮಾಡುವ ಕರಡು ನಿಯಮಗಳನ್ನು ಯುಜಿಸಿ 2025ರ ಜನವರಿಯಲ್ಲಿ ಪ್ರಕಟಿಸಿದಾಗ ಕರ್ನಾಟಕ, ತಮಿಳುನಾಡು, ಕೇರಳ ಪ್ರತಿಭಟಿಸಿದವು.

ಕೇಂದ್ರವೋ ರಾಜ್ಯವೋ ಎಂಬ ಈ ಜಗ್ಗಾಟದಲ್ಲಿ ಎರಡೂ ಕಡೆಯವರು ವಿಶ್ವವಿದ್ಯಾನಿಲಯದ ಸ್ವಾಯತ್ತತೆಯ ಹೆಸರನ್ನೇ ಹೇಳುತ್ತಾರೆ. ಆದರೆ ಸಮಿತಿಯ ನಾಲ್ಕು ಕುರ್ಚಿಗಳಲ್ಲಿ ವಿಶ್ವವಿದ್ಯಾನಿಲಯದ್ದು ಒಂದೇ, ಸಿಂಡಿಕೇಟಿನದು. ಅಧ್ಯಾಪಕರ ನೇಮಕ, ಸಂಶೋಧನೆಗೆ ಹಣ, ಪಠ್ಯದ ಸ್ವರೂಪ ಇವೆಲ್ಲ ಕುಲಪತಿಯ ಧೈರ್ಯವನ್ನು ಅವಲಂಬಿಸಿವೆ. ನೇಮಕದ ಆದೇಶಕ್ಕೆ ಸಹಿ ಹಾಕಿದವರಿಗೆ ಅಗತ್ಯ ಬಿದ್ದಾಗ ‘ಆಗದು’ ಎನ್ನಬಲ್ಲವರು ಆ ಪಟ್ಟಿಯಲ್ಲಿ ಇದ್ದಾರೆಯೇ? ಶೋಧನಾ ಸಮಿತಿಗಳು ಮೊದಲು ಶೋಧಿಸಬೇಕಾದದ್ದು ಅದನ್ನು.